ಮೊದಲ ಜೋಡಿಗೆ ಶಾಲು

ಇತಿಹಾಸ ಬರೆಯುವುದರಲ್ಲಿ ನನ್ನ ಕೈ ಪಳಗಿದೆ ಎಂದು ವಿಜಯಪುರದಲ್ಲಿ ಒಂದಿಬ್ಬರಾದರೂ ಒಪ್ಪುತ್ತಾರೆ. ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಒಂದು ಹಾಲಿನ ಸಂಘದ್ದು, ಒಂದು ಭಜನಾ ಮಂಡಳಿಯದು ಬರೆದುಕೊಟ್ಟಿದ್ದೇನೆ. ಸ್ಥಾಪಕರ ಫೋಟೋ, ಅಡಿಗಲ್ಲು, ಮೊದಲ ಫಲಾನುಭವಿಗೆ ಸನ್ಮಾನ, ಯಾವುದಕ್ಕೂ ಕೊರತೆಯಿಲ್ಲ. ಹಾಗಾಗಿ ನನ್ನ ಹೆಂಡತಿಯ ಅಣ್ಣನ ಮಗ ಪ್ರವೀಣ ಬಂದು, "ಮಾಮಾ, ನಮ್ಮ ಕಂಪನಿ ಇತಿಹಾಸ ಬರದ ಕೊಡ್ರಿ" ಎಂದಾಗ, ಎಂಥ ಕಂಪನಿ ಎಂದೂ ಕೇಳದೆ ಒಪ್ಪಿಕೊಂಡೆ.

ಕಂಪನಿ ಗಾಂಧಿ ಚೌಕದ ಬಟ್ಟೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿತ್ತು. ಅಡಿಗಲ್ಲು ಹುಡುಕಿದೆ, ಇರಲಿಲ್ಲ. ಹುಡುಗ ಹುಡುಗಿಯರಿಗೆ ಫೋನಿನಲ್ಲೇ ಪರಿಚಯ ಮಾಡಿಸುವ ಆ್ಯಪ್‌ಗಳ ಕಂಪನಿ ಇದು ಎಂದು ತಿಳಿದಾಗ ಎದ್ದು ಬರಬೇಕೆನಿಸಿತು. ಅಷ್ಟರಲ್ಲಿ ಒಬ್ಬ ಚಹಾ ತಂದಿಟ್ಟ.

"ಮೊದಲ ಒಂದ ಆ್ಯಪ್ ಇತ್ರಿ," ಎಂದ ಪ್ರವೀಣ. "ಪಾಲುದಾರ ಸಿಟ್ಟಾಗಿ ಹೋಗಿ ಇನ್ನೊಂದ ತಗದ. ಅದನ್ನ ನಾ ಕೊಂಡೆ. ಎರಡರ ಮ್ಯಾಲೂ ಬ್ಯಾಸರ ಬಂದವರಿಗೆ ಮೂರನೇದು ತಗದೀವಿ."

"ಅಂದ್ರ ಮೂರೂ ನಿಮ್ಮವ? ಮತ್ತ ಗ್ವಾಡಿ ಮ್ಯಾಲಿನ ಈ ಜಾಹೀರಾತಿನಾಗ ಒಂದನ್ನ ಹೊಗಳಿ ಇನ್ನೊಂದನ್ನ ಯಾಕ ಬೈದೀರಿ?"

"ಬೈಲಿಲ್ಲಂದ್ರ ಮಂದಿ ಅದನ್ನ ಬಿಟ್ಟು ಇದಕ್ಕ ಹೆಂಗ ಬರತಾರ, ಮಾಮಾ?"

ಬಿಟ್ಟು ಬಂದವರು ಮತ್ತೆ ಇವನ ಹತ್ತಿರವೇ ಬರುವುದಾದರೆ ಬಿಟ್ಟದ್ದು ಏನನ್ನು? ನನಗೆ ತಲೆಬುಡ ತಿಳಿಯಲಿಲ್ಲ. ಸಿಟ್ಟಾಗಿ ಹೋದ ಪಾಲುದಾರ ಈಗ ಎಲ್ಲಿದ್ದಾನೆ ಎಂದು ಕೇಳಿದೆ.

"ಈಗ ಚಹಾ ತಂದನಲ್ರಿ, ಅಂವನ. ಪಾಲುದಾರರು ಪಾಳಿ ಮ್ಯಾಲ ತರತೀವಿ."

ಸ್ಥಾಪಕರ ಅಧ್ಯಾಯವನ್ನು ಅಲ್ಲಿಗೇ ಕೈಬಿಟ್ಟು ಮೊದಲ ಫಲಾನುಭವಿಗಳನ್ನು ವಿಚಾರಿಸಿದೆ. ಜೈನಾಪುರದ ಮಹಾಂತೇಶ, ತಿಕೋಟಾದ ಅಶ್ವಿನಿ. ಆ್ಯಪಿನಲ್ಲೇ ಪರಿಚಯವಾಗಿ ಮದುವೆಯಾದವರು. "ಹೋಗೂ ಮುಂಚೆ ಹುಡುಗಗ ಫೋನ್ ಮಾಡ್ರಿ ಮತ್ತ," ಎಂದು ಪ್ರವೀಣ ಒತ್ತಿ ಹೇಳಿದ. ಮೊದಲೇ ತಿಳಿಸಿ ಮಾಡುವ ಸನ್ಮಾನ ಒಂದು ಸನ್ಮಾನವೇ? ಕೆಳಗಿನ ಅಂಗಡಿಯಲ್ಲೇ ಒಂದು ಶಾಲು ಕೊಂಡೆ.

"ಅವರ ಮನ್ಯಾಗ ಹಿರ್ಯಾರಿಗೆ ಇದೆಲ್ಲಾ ಗೊತ್ತೈತೇನ್ರಿ?" ಎಂದು ನನ್ನ ಹೆಂಡತಿ ಸುಮಿತ್ರಾ ಅನುಮಾನಪಟ್ಟಳು.

"ಇತಿಹಾಸ ಅಂದಮ್ಯಾಲ ಎಲ್ಲಾರಿಗೂ ಗೊತ್ತ ಇರತೈತಿ," ಎಂದು ಹೇಳಿ ಬಬಲೇಶ್ವರದ ಬಸ್ಸು ಹತ್ತಿದೆ.

ಅಲ್ಲಿಂದ ಆಟೋ ಹಿಡಿದು ಜೈನಾಪುರ ಮುಟ್ಟಿದಾಗ ಮಹಾಂತೇಶನ ತಾಯಿ ಗಂಗವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ವಿಜಯಪುರದಿಂದ ಸನ್ಮಾನ ಮಾಡಲು ಬಂದಿದ್ದೇನೆ ಎಂದೆ. ಗಂಡ ಹೆಂಡತಿ ಹೊರಗೆ ಬಂದರು. ನಾನು ಶಾಲು ಬಿಚ್ಚಿ ಗಂಟಲು ಸರಿಮಾಡಿಕೊಂಡೆ.

"ಫೋನಿನ ಮೂಲಕವೇ ಪರಸ್ಪರರನ್ನು ಕಂಡುಕೊಂಡು, ನಮ್ಮ ಜಿಲ್ಲೆಗೆ ಮೇಲ್ಪಂಕ್ತಿಯಾದ ತಮ್ಮನ್ನು..."

"ಫೋನ್ಯಾಗ?" ಗಂಗವ್ವನವರ ಕೈಯಲ್ಲಿದ್ದ ಮೊರ ನಿಂತಿತು. "ಏನೋ ಮಾಂತೂ, ವಿಜಾಪುರದ ಮಾಸ್ತರೊಬ್ಬರು ಸಂಬಂಧ ತಂದಾರ ಅಂದಿದ್ದಿಯಲ್ಲ?"

ಮಹಾಂತೇಶ ಕಂಬ ಹಿಡಿದುಕೊಂಡ. ಹುಡುಗಿಯ ಕಣ್ಣು ತುಂಬಿತು. ನನಗೆ ಆಗ ಅರ್ಥವಾಯಿತು. ನೆಟ್ಟಗೆ ನಡೆದಿದ್ದ ಒಂದು ಸಂಸಾರವನ್ನು ಶಾಲು ಸಮೇತ ಬಂದು ಕೆಡಿಸಿದ್ದೆ. ಇತಿಹಾಸ ಹಾಳಾಗಿ ಹೋಗಲಿ, ಆ ಹುಡುಗಿಯ ಮುಖ ನೋಡಿ ನಿಜಕ್ಕೂ ಹೆದರಿದೆ.

ಕಣ್ಣೊರೆಸಿಕೊಂಡು ಅಶ್ವಿನಿಯೇ ಮುಂದೆ ಬಂದಳು. "ಅತ್ತಿ, ಆ ಮಾಸ್ತರು ಇವರ ರೀ. ಇವರ ಫೋನ್ಯಾಗ ನನ್ನ ಫೋಟೋ ನಿಮ್ಮ ಮಗಗ ತೋರಿಸಿದ್ರು."

ಮೂವರೂ ನನ್ನತ್ತ ತಿರುಗಿದರು. ಸುಳ್ಳು ಹೇಳಿದ ಹುಡುಗರ ಕಿವಿ ಹಿಂಡಿಯೇ ನೌಕರಿ ಮುಗಿಸಿದವನು ನಾನು.

"ಹೌದ್ರಿ, ನಾನ," ಎಂದೆ.

ಗಂಗವ್ವ ಎದ್ದು ಬಂದು, ನನ್ನ ಕೈಯಲ್ಲಿದ್ದ ಶಾಲನ್ನು ತೆಗೆದುಕೊಂಡು ನನಗೇ ಹೊದಿಸಿದರು. "ಇಷ್ಟ ದಿನ ಎಲ್ಲಿ ಹೋಗಿದ್ರಿ? ಮದಿವಿಗೂ ಬರಲಿಲ್ಲ. ಕುಂಡ್ರಿ, ನಿಮಗ ಹೇಳೂದ ಬಾಳ ಐತಿ."

ಬಹಳವೇ ಇತ್ತು. ಸೊಸೆ ತಟ್ಟಿದ ರೊಟ್ಟಿಯ ಅಂಚು ಸೀಳುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಫೋನು ಹಿಡಿಯುತ್ತಿದ್ದಳು. ತಿಕೋಟಾದ ಬೀಗರು ನಾಗರಪಂಚಮಿಗೆ ಉಂಡಿ ಕಳಿಸಿರಲಿಲ್ಲ. ಪ್ರತಿಯೊಂದರ ಕೊನೆಗೂ ಗಂಗವ್ವ, "ನೀವ ತಂದ ಸಂಬಂಧ, ನೀವ ಬುದ್ಧಿ ಹೇಳ್ರಿ" ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಅಶ್ವಿನಿ ತಲೆ ತಗ್ಗಿಸಿ, ನಗು ತಡೆದುಕೊಂಡು ಕೇಳುತ್ತಿದ್ದಳು.

"ಅವರಿಗಂತ ಒಯ್ದ ಶಾಲು ನಿಮ್ಮ ಹೆಗಲಿಗೆ ಹೆಂಗ ಬಂತ್ರಿ?" ಎಂದು ಮನೆಯಲ್ಲಿ ಸುಮಿತ್ರಾ ಕೇಳಿದಳು. ನಾನು ಶಾಲು ಮಡಚಿ ಟ್ರಂಕಿನಲ್ಲಿಟ್ಟೆ.

ಈಗ ಸೊಸೆಯ ಮೇಲೆ ದೂರು ಹೇಳಲು ಗಂಗವ್ವ ಫೋನ್ ಮಾಡುತ್ತಾರೆ. ಅವರು ಇಟ್ಟ ಮೇಲೆ ಅತ್ತೆಯ ಮೇಲೆ ದೂರು ಹೇಳಲು ಅಶ್ವಿನಿ ಮಾಡುತ್ತಾಳೆ. ಮೊನ್ನೆ ಅರಕೇರಿಯಿಂದ ಗಂಗವ್ವನವರ ತಂಗಿ ತಮ್ಮ ಮಗನ ಫೋಟೋ ಹಿಡಿದು ನಮ್ಮ ಮನೆಗೇ ಬಂದರು. "ಈ ಫೋನು ಗೀನು ನಮಗ ನಂಬಿಕಿಲ್ರಿ. ನಿಮ್ಮಂಥ ಮಾಸ್ತರ ಬೇಕು," ಎಂದು ಹೇಳಿ ಫೋಟೋ ನನ್ನ ಕೈಗಿಟ್ಟರು.

ಅವರು ಓಣಿ ದಾಟುವುದನ್ನೇ ಕಾದು, ಗಾಂಧಿ ಚೌಕಕ್ಕೆ ಓಡಿದೆ. ಈ ಹುಡುಗನನ್ನು ಮೂರು ಆ್ಯಪ್‌ಗಳಲ್ಲಿ ಯಾವುದರಲ್ಲಿ ಹಾಕಬೇಕೆಂದು ಪ್ರವೀಣನನ್ನು ಕೇಳಿದೆ.

"ಯಾವುದರಾಗ ಹಾಕಿದ್ರೂ ಅಷ್ಟ," ಎಂದು ಅವನು ನಕ್ಕ. "ನೀವೂ ಗಿರಾಕಿ ತರಾಕತ್ತೀರಿ ಅಂದ್ರ ಪಾಲುದಾರರ ಆದ್ರಿ, ಮಾಮಾ."

ಇತಿಹಾಸ ಇನ್ನೂ ಒಂದು ಪುಟವೂ ಆಗಿಲ್ಲ. ನಾಳೆ ಚಹಾ ತರುವ ಪಾಳಿ ಮಾತ್ರ ನನ್ನದು.