ಮಹಾರಾಜರ ಪರವಾಗಿ ಹಸಿವು

ಬಹಳ ಹಿಂದೆ, ಅಂದರೆ ಇಂದಿನ ಯಾರ ಮೇಲೂ ಅನುಮಾನ ಬಾರದಷ್ಟು ಹಿಂದೆ, ಒಂದು ರಾಜ್ಯವಿತ್ತು. ಹೆಸರು ತೃಪ್ತಿಪುರ. ಅದನ್ನು ಆಳುತ್ತಿದ್ದ ಶ್ರೀಮನ್ಮಹಾರಾಜ ಭೂರಿಭೋಜರು ದಿನಕ್ಕೆ ಐದು ಹೊತ್ತು ಉಣ್ಣುತ್ತಿದ್ದರು. ನಡುನಡುವೆ ಬಾಯಾಡಿಸುವುದನ್ನು ಆಸ್ಥಾನದಲ್ಲಿ 'ಕಡತ ಪರಿಶೀಲನೆ' ಎನ್ನುತ್ತಿದ್ದರು. ಕಡತಗಳು ಹೆಚ್ಚಾಗಿ ಒಂದು ದಿನ ಅವರಿಗೆ ಸಿಂಹಾಸನದಿಂದ ಏಳಲಾಗಲಿಲ್ಲ. ನಾಲ್ವರು ಭಟರು ಎಳೆದಾಗ ಸಿಂಹಾಸನವೂ ಅವರ ಜೊತೆಯಲ್ಲೇ ಎದ್ದಿತು.

ರಾಜವೈದ್ಯರು ಕೈಚೆಲ್ಲಿದ ಮೇಲೆ, ಪೂರ್ವದೇಶದ ಬೆಟ್ಟದಿಂದ ಪ್ರಕೃತಿಯ ಲಯಕ್ಕೆ ಒಗ್ಗಿ ಬಾಳುವ ತಾವೋ ಮಾರ್ಗದ ಮುದುಕ ಸಾಧು ಶೆನ್‌ನನ್ನು ಕರೆಸಲಾಯಿತು. ಅವನು ಪ್ರಭುಗಳ ನಾಲಿಗೆ ನೋಡಿದ, ನಾಡಿ ಹಿಡಿದ.

"ಹೊಟ್ಟೆಯಲ್ಲಿ ಕಾಲು ಭಾಗ ಖಾಲಿ ಬಿಡಿ. ಋತುವಿಗೆ ಒಗ್ಗುವುದನ್ನು ತಿನ್ನಿ. ಉಷ್ಣದ ಪದಾರ್ಥ ತಿಂದರೆ ತಂಪಿನದೂ ಇರಲಿ. ಉಣ್ಣುವಾಗ ಸಿಟ್ಟು, ಚಿಂತೆ ಬೇಡ. ದೇಹ ಹಗುರಾದರೆ ಮನಸ್ಸೂ ತಿಳಿಯಾಗಿ, ಖಾಲಿಯಾಗಿ ಕೂರಲು ಕಲಿಯುತ್ತದೆ" ಎಂದ.

"ಮನಸ್ಸು ಖಾಲಿ ಇಡುವ ವಿಷಯದಲ್ಲಿ ಪ್ರಭುಗಳು ಆಗಲೇ ಸಿದ್ಧಿ ಪಡೆದಿದ್ದಾರೆ" ಎಂದರು ಮಂತ್ರಿ ಹೂಂಕಾರಯ್ಯನವರು. ಸಭೆ ಚಪ್ಪಾಳೆ ತಟ್ಟಿತು. ಪ್ರಭುಗಳೂ ತಟ್ಟಿದರು.

"ಆದರೆ ಕಾಲು ಹೊಟ್ಟೆ ಖಾಲಿ ಬಿಟ್ಟರೆ ಹೋಳಿಗೆಗೆ ಜಾಗವೆಲ್ಲಿ, ಮಂತ್ರಿಗಳೇ?" ಮಹಾರಾಜರ ಕಣ್ಣಲ್ಲಿ ನೀರಾಡಿತು.

"ಪ್ರಭು, ಯುದ್ಧವನ್ನು ತಾವು ಖುದ್ದಾಗಿ ಮಾಡುತ್ತೀರಾ? ತಮ್ಮ ಪರವಾಗಿ ಸೈನಿಕರು ಸಾಯುತ್ತಾರೆ. ಜಪವನ್ನು ಪುರೋಹಿತರು ಮಾಡುತ್ತಾರೆ, ಪುಣ್ಯ ತಮಗೆ ಬರುತ್ತದೆ. ಹಸಿವೂ ಹಾಗೆಯೇ. ತಾವು ನಿಶ್ಚಿಂತೆಯಿಂದ ಉಣ್ಣಿ. ಆ ಕಾಲು ಭಾಗವನ್ನು ತಮ್ಮ ಪರವಾಗಿ ಪ್ರಜೆಗಳು ಖಾಲಿ ಬಿಡುತ್ತಾರೆ."

"ನಾನು ಹೇಳಿದ್ದು ಅದಲ್ಲ" ಎಂದು ಸಾಧು ಎದ್ದು ನಿಂತ. ತನ್ನ ಮಾತನ್ನು ತಾನೇ ತಪ್ಪಾಗಿ ಅರ್ಥೈಸಿದ ಅಪರಾಧಕ್ಕಾಗಿ ಅವನನ್ನು ಸಂಜೆಯೊಳಗೆ ಗಡಿ ದಾಟಿಸಲಾಯಿತು.

ಮರುದಿನ 'ಹಸಿವಿನ ಹೊರಗುತ್ತಿಗೆ ಯೋಜನೆ'ಗೆ ಚಾಲನೆ ಸಿಕ್ಕಿತು. ಪ್ರಾಯೋಗಿಕ ಹಂತಕ್ಕೆ ಆಯ್ಕೆಯಾದದ್ದು ಅರಮನೆಯ ಹೊಸ ಭೋಜನಶಾಲೆಗೆ ಕಲ್ಲು ಒಡೆಯುತ್ತಿದ್ದ ಗಣಿ. ಅಲ್ಲಿನ ಇನ್ನೂರು ಜನರಿಗೆ ಮುದ್ದೆ ಬೇಯಿಸುತ್ತಿದ್ದವಳು ಕೆಂಪಾಜಮ್ಮ. ಅವಳ ಮಗ ಚಿಕ್ಕೀರನೂ ಅಲ್ಲೇ ಕಲ್ಲು ಒಡೆಯುತ್ತಿದ್ದ. 'ಸಮತೋಲನಾಧಿಕಾರಿ' ಎಂಬ ಹೊಸ ಹುದ್ದೆಯವನೊಬ್ಬ ದಾರ ಹಿಡಿದು ಬಂದು, ಪ್ರತಿ ಮುದ್ದೆಯಿಂದಲೂ ಕಾಲು ಭಾಗ ಕೊಯ್ದು ತೆಗೆದ. ಅನ್ನ ವ್ಯರ್ಥವಾಗಬಾರದೆಂಬ ಕಾಳಜಿಯಿಂದ ಆ ತುಂಡುಗಳನ್ನು ಅರಮನೆಗೆ ಕಳಿಸಲಾಯಿತು. ಪ್ರಭುಗಳಿಗೆ ಮುದ್ದೆ ಹಿಡಿಸಿತು. ಹೀಗೆ ಆರನೆಯ ಊಟ ಆರಂಭವಾಯಿತು.

ಆರನೆಯ ಊಟದಿಂದ ಪ್ರಭುಗಳು ಇನ್ನಷ್ಟು ಊದಿದರು. ಪ್ರಜೆಗಳ ಹಸಿವು ಸಾಲುತ್ತಿಲ್ಲವೆಂದು ತಜ್ಞರ ಸಮಿತಿ ವರದಿ ಕೊಟ್ಟಿತು. ಕೊಯ್ಯುವ ಕಾಲು ಭಾಗ ಅರ್ಧವಾಯಿತು.

ಅರ್ಧ ಮುದ್ದೆಯ ಹತ್ತನೆಯ ದಿನ ಚಿಕ್ಕೀರ ಸುತ್ತಿಗೆ ಎತ್ತಿದವನು ಹಾಗೇ ಕುಸಿದ. ಕೆಂಪಾಜಮ್ಮ ಅವನನ್ನು ಹೆಗಲಿಗೆ ಆನಿಸಿಕೊಂಡು ನೇರವಾಗಿ ಆಸ್ಥಾನಕ್ಕೇ ಬಂದಳು.

"ಬುದ್ಧೀ, ಕಲ್ಲು ಹೊಡ್ಯೋ ಜೀವ ಕಣ್ರಪ್ಪ ಇವು. ಅರ್ಧ ಮುದ್ದೇಲಿ ಸುತ್ಗೆ ಏಳಕ್ಕಿಲ್ಲ. ನಿಮ್ಗೆ ಒಟ್ಟೆ ಬಾರ ಆದ್ರೆ ನೀವು ಒಂದೊತ್ತು ಬುಡಿ. ನನ್ ಮಗ ಉಪಾಸ ಇದ್ರೆ ನಿಮ್ ಒಟ್ಟೆ ಎಂಗ್ ಕರಗ್ತದೆ?"

ಇದೊಂದೇ ನೆಟ್ಟಗಿನ ಪ್ರಶ್ನೆ ಆ ಆಸ್ಥಾನದಲ್ಲಿ ಅದುವರೆಗೆ ಕೇಳಿಬಂದದ್ದು. ಎಲ್ಲರೂ ಚಾವಣಿ ನೋಡಿದರು.

"ನಮಗಾಗಿ ಬಿದ್ದನೇ ಇವನು?" ಮಹಾರಾಜರು ದುಃಖ ತಡೆಯಲಾರದೆ ಒಂದು ಲಾಡು ಬಾಯಿಗೆ ಹಾಕಿಕೊಂಡರು.

ಹೂಂಕಾರಯ್ಯನವರು ರಾಜವೈದ್ಯರಿಗೆ ಕಣ್ಸನ್ನೆ ಮಾಡಿದರು. ವೈದ್ಯರು ಚಿಕ್ಕೀರನ ನಾಡಿ ಹಿಡಿದು, "ಆಹಾ! ಎಳ್ಳಷ್ಟೂ ಕೊಬ್ಬಿಲ್ಲ. ಹೊಟ್ಟೆ ಬೆನ್ನಿಗೆ ಹತ್ತಿದೆ. ಮನಸ್ಸಿನಲ್ಲಿ ಒಂದು ಯೋಚನೆಯೂ ಓಡುತ್ತಿಲ್ಲ. ಪ್ರಭುಗಳು ಸಂಪೂರ್ಣ ಗುಣಮುಖರಾಗಿದ್ದಾರೆ!" ಎಂದು ಘೋಷಿಸಿದರು. ಹಸಿವು ಪ್ರಭುಗಳ ಪರವಾಗಿ ಎಂದಾದ ಮೇಲೆ ನಾಡಿಯೂ ಪ್ರಭುಗಳ ಪರವಾಗಿಯೇ ಬಡಿಯಬೇಕಲ್ಲವೇ?

ಯೋಜನೆಯನ್ನು ರಾಜ್ಯದಾದ್ಯಂತ ವಿಸ್ತರಿಸಲಾಯಿತು. ಮಹಾರಾಜರಿಗೆ 'ಮಿತಾಹಾರ ಸಾರ್ವಭೌಮ' ಎಂಬ ಬಿರುದು ಕೊಡುವ ದಿನ ಅರವತ್ತನಾಲ್ಕು ಬಗೆಯ ಊಟವಿತ್ತು. ಅಷ್ಟು ಊಟಕ್ಕೆ ತಕ್ಕ ಹಸಿವು ಬೇಕಲ್ಲ, ಹಾಗಾಗಿ ಅಂದು ಎಲ್ಲ ಒಲೆಗಳಿಗೂ ಮೊಹರು ಬಿತ್ತು. ಕೆಂಪಾಜಮ್ಮನ ಒಲೆಗೆ ಮೊದಲು.

ಪಲ್ಲಕ್ಕಿ ಹೊರಲು ಗಣಿಯ ಮೂವತ್ತೆರಡು ಜನರನ್ನು ಕರೆತಂದರು. ಚಿಕ್ಕೀರನೂ ಅದರಲ್ಲಿದ್ದ. ಮೆರವಣಿಗೆ ಅವನ ತಾಯಿ ನಿಂತಿದ್ದ ಬೀದಿಗೆ ಬಂದಾಗ ಮಹಾರಾಜರು ಅವಳ ಗುರುತು ಹಿಡಿದು, ಪಲ್ಲಕ್ಕಿ ನಿಲ್ಲಿಸಿದರು.

"ನಿನ್ನ ಮಗ ಎಷ್ಟು ಹಗುರಾಗಿದ್ದಾನೆ ನೋಡಮ್ಮಾ! ಎಲ್ಲಾ ನಮ್ಮ ಮಿತಾಹಾರದ ಫಲ" ಎಂದು ತಾವು ಕಚ್ಚಿ ಉಳಿಸಿದ್ದ ಅರ್ಧ ಲಾಡನ್ನು ಅವಳ ಕೈಗೆ ಹಾಕಿದರು.

ಅವಳು ಅದನ್ನು ತಾನು ತಿನ್ನಲಿಲ್ಲ. ಪಲ್ಲಕ್ಕಿಯ ಕೊಂಬಿನಡಿ ನಡುಗುತ್ತಿದ್ದ ಮಗನ ಬಳಿಗೆ ಓಡಿ, "ತಕ್ಕೊ ಮಗಾ, ಬಾಯ್ ತಗಿ" ಎಂದಳು. ಚಿಕ್ಕೀರ ಬಾಯಿ ತೆರೆದ.

ಅಷ್ಟರಲ್ಲಿ ಸಮತೋಲನಾಧಿಕಾರಿ ಹಾರಿ ಬಂದು ಲಾಡನ್ನು ಕಿತ್ತುಕೊಂಡ.

"ಏನಮ್ಮಾ ನೀನು! ಮಹಾರಾಜರ ಉಪವಾಸ ಮುರಿಯುತ್ತೀಯಾ?"

ಲಾಡು ಪಲ್ಲಕ್ಕಿಗೆ ಮರಳಿತು. ಮಹಾರಾಜರು ಅದನ್ನು ನಿಧಾನವಾಗಿ, ಚಿಂತೆಯಿಲ್ಲದೆ, ಚೆನ್ನಾಗಿ ಅಗಿದು ತಿಂದರು.