ರೋಮಿನ ಮಲ್ಲಿ

ಗುಡಗೇರಿಯ ಸಿದ್ಧಲಿಂಗನ ಬಾಳಿಗೆ ಆ ದಿನ ಕುತ್ತು ಬಂದದ್ದು ಒಂದು ಪೂರ್ಣವಿರಾಮದಿಂದ. ಅದನ್ನು ಎಲ್ಲರ ಹಾಗೆ ಸುಮ್ಮನೆ ಬರೆದಿದ್ದರೆ ಯಾವ ತಂಟೆಯೂ ಇರುತ್ತಿರಲಿಲ್ಲ. ಇವನು ಬಾಯಿಬಿಟ್ಟು ಹೇಳಿದ.

ಸಿದ್ಧಲಿಂಗ ಟೇಲರ್. ಸ್ಟೇಶನ್ ರಸ್ತೆಯಲ್ಲಿ ಮನೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಸಾಲಿ ಹುಡುಗರ ಯುನಿಫಾರ್ಮ್ ಹೊಲಿಯುವುದರಲ್ಲಿ ಸುತ್ತಲಿನ ಹಳ್ಳಿಗಳಿಗೆಲ್ಲ ಅವನದೇ ಹೆಸರು. ವಯಸ್ಸು ನಲವತ್ತರ ಹತ್ತಿರ, ಮದುವೆ ಇಲ್ಲ. ಅವ್ವ ತೀರಿಕೊಂಡ ಮೇಲೆ ಆ ಮನೆಯಲ್ಲಿ ಮಾತಾಡುವುದು ಹೊಲಿಗೆ ಮಷಿನ್ ಒಂದೇ, ಅದೂ ಎಣ್ಣೆ ಕಡಿಮೆಯಾದಾಗ. ಅವನು ಯಾಕೆ ಮದುವೆಯಾಗಲಿಲ್ಲ ಎಂಬುದಕ್ಕೆ ಓಣಿಯವರ ಬಳಿ ಬೇಕಾದಷ್ಟು ಕಾರಣಗಳಿದ್ದವು: ಜಾತಕ, ಜಿಪುಣತನ, ಹಳೆಯ ಹೊಟ್ಟೆನೋವು. ನಿಜವಾದ ಕಾರಣ ಅವನೊಬ್ಬನಿಗೇ ಗೊತ್ತು. ಅವನ ಮನಸ್ಸು ಹೆಣ್ಣಿನ ಕಡೆಗೆ ಎಂದೂ ಹೋದದ್ದಿಲ್ಲ. ಗಂಡಿನ ಕಡೆಗೆ ಹೋಗುತ್ತಿತ್ತು, ಹೋದ ದಾರಿಯಲ್ಲೇ ಸದ್ದಿಲ್ಲದೆ ವಾಪಸು ಬರುತ್ತಿತ್ತು. ಇಂಥ ಮಾತನ್ನು ಇಡೀ ಊರಿನಲ್ಲಿ ಒಬ್ಬರ ಮುಂದಾದರೂ ಹೇಳಿ ಹಗುರಾಗಬೇಕೆಂದು ಅವನಿಗೆ ಎಷ್ಟೋ ಸಲ ಅನಿಸಿತ್ತು. ಧೈರ್ಯ ಸಾಲಲಿಲ್ಲ.

ಹೇಳಲಾಗದ್ದನ್ನು ಬರೆಯತೊಡಗಿದ. ಯಾರಿಗೂ ಸುಳಿವು ಸಿಗಬಾರದೆಂದು ಕತೆಯನ್ನು ಗುಡಗೇರಿಯಿಂದ ಎಷ್ಟು ದೂರ ಸಾಗಿಸಬಹುದೋ ಅಷ್ಟು ದೂರ, ಪ್ರಾಚೀನ ರೋಮ್ ನಗರಕ್ಕೆ ಸಾಗಿಸಿದ. ಅಲ್ಲಿನ ಒಂದು ಐತಿಹ್ಯ ಅವನಿಗೆ ಯಾವುದೋ ಹಳೆಯ ಪುಸ್ತಕದಲ್ಲಿ ಸಿಕ್ಕಿತ್ತು. ಆಕಾಶದಿಂದ ಒಂದು ಗುರಾಣಿ ಬೀಳುತ್ತದೆ. ಅದು ಇರುವ ತನಕ ನಗರಕ್ಕೆ ಸೋಲಿಲ್ಲ. ಕಳ್ಳರಿಗೆ ಗುರುತು ಹತ್ತದಿರಲೆಂದು ಅರಸ ಒಬ್ಬ ಕಮ್ಮಾರನಿಂದ ಅದರಂಥವೇ ಹನ್ನೊಂದು ಗುರಾಣಿ ಮಾಡಿಸುತ್ತಾನೆ. ಐತಿಹ್ಯ ಅಷ್ಟೇ, ಉಳಿದದ್ದು ಸಿದ್ಧಲಿಂಗನದು. ಅವನ ಕಾದಂಬರಿಯಲ್ಲಿ ಕಮ್ಮಾರ ಸರ್ವಿಯಸ್, ಗುರಾಣಿ ಕಾಯುವ ಸೈನಿಕ ಮಲ್ಲಿಯಸ್‌ನನ್ನು ಪ್ರೀತಿಸುತ್ತಾನೆ. ಆದರೆ ದೇವರ ವಸ್ತುವನ್ನು ನಕಲು ಮಾಡಿದ್ದಕ್ಕೆ ಒಂದು ಶಾಪವಿದೆ. ಒಂದೊಂದು ಗುರಾಣಿ ತಯಾರಾದ ಹಾಗೆ ಮಲ್ಲಿಯಸ್‌ನ ನೆನಪಿನಿಂದ ಸರ್ವಿಯಸ್ ಸ್ವಲ್ಪ ಸ್ವಲ್ಪವೇ ಅಳಿಸಿಹೋಗುತ್ತಾನೆ. ಪ್ರೀತಿ ಉಕ್ಕಿದಾಗ ಸರ್ವಿಯಸ್ ಅವನನ್ನು ಕರೆಯುವುದು 'ಮಲ್ಲೀ' ಎಂದು. ರೋಮಿನಲ್ಲಿ ಹಾಗೆ ಕರೆಯುತ್ತಿದ್ದರೋ ಇಲ್ಲವೋ, ನಮ್ಮ ಕುಂದಗೋಳ ತಾಲೂಕಿನಲ್ಲಿ ಕರೆಯುತ್ತಾರೆ.

ಬರೆಯುತ್ತಿದ್ದ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಕೈಗೆ ಕಾಜಾ, ಗುಂಡಿಗಳ ಕೆಲಸ ಬಿಡುವು ಕೊಡುತ್ತಿರಲಿಲ್ಲ. ಮೊಬೈಲನ್ನು ಮುಂದಿಟ್ಟುಕೊಂಡು ಬಾಯಲ್ಲಿ ಹೇಳುತ್ತಿದ್ದ, ಮೊಬೈಲು ಅಕ್ಷರ ಮೂಡಿಸಿಕೊಳ್ಳುತ್ತಿತ್ತು. ಚುಕ್ಕೆ, ಗೀಟುಗಳನ್ನೂ ಹೆಸರು ಹಿಡಿದೇ ಹೇಳಬೇಕು. ಆ ಬೆಳಿಗ್ಗೆ ಕತೆಯಲ್ಲಿ ಹನ್ನೊಂದನೆಯ ಗುರಾಣಿ ಮುಗಿದಿತ್ತು. ಮಲ್ಲಿಯಸ್ ತನ್ನ ಸರ್ವಿಯಸ್‌ನ ಮುಖ ನೋಡಿ, "ನೀವು ಯಾರು?" ಎಂದು ಕೇಳಿಯೂ ಆಗಿತ್ತು. ಸಿದ್ಧಲಿಂಗನಿಗೆ ತಡೆಯಲಾಗಲಿಲ್ಲ. ಖಾಕಿ ಚಡ್ಡಿಗೆ ಗುಂಡಿ ಹಚ್ಚುತ್ತಲೇ ಗಳಗಳ ಅತ್ತ. ಅಳುತ್ತಲೇ ಹೇಳಿದ:

"ಮಲ್ಲೀ, ಅಲ್ಪವಿರಾಮ, ನನ್ನ ಗುರ್ತs ಸಿಗವಲ್ದೇನ ನಿನಗ, ಪ್ರಶ್ನಾರ್ಥಕ. ನೀ ಇಲ್ಲದ ಮ್ಯಾಲ ಈ ಜೀವಕ್ಕ... ಪೂರ್ಣವಿರಾಮ!"

ಗೋಡೆಯ ಆಚೆ ಶಾವಿಗೆ ಒಣಹಾಕುತ್ತಿದ್ದ ಪಕ್ಕದ ಮನೆಯ ಗೌರಕ್ಕನ ಕೈ ಹಾಗೇ ನಿಂತಿತು. ನಡುವೆ ಏನು ಹೇಳಿದನೋ ಅವಳಿಗೆ ಬೇಕಿರಲಿಲ್ಲ. ಮಲ್ಲಿ ಕೇಳಿತು, ಜೀವ ಕೇಳಿತು, ಪೂರ್ಣವಿರಾಮ ಕೇಳಿತು. ಶಾವಿಗೆಯನ್ನು ಕಾಗೆಗಳ ಪಾಲಿಗೆ ಬಿಟ್ಟು ಬೀದಿಗೆ ಓಡಿಬಂದಳು.

"ಸಿದ್ಧಲಿಂಗಾ! ಬಾಗಲಾ ತಗಿಯೋ ತಮ್ಮಾ! ದುಡುಕಬ್ಯಾಡೋ! ಯಾರರ ಬರ್ರೆಪೋ!"

ಸಿದ್ಧಲಿಂಗ ಕಣ್ಣೊರೆಸಿಕೊಳ್ಳುತ್ತ ಬಾಗಿಲು ತೆಗೆಯುವುದರೊಳಗೆ ಅರ್ಧ ಓಣಿ ಸೇರಿತ್ತು. ಎಲ್ಲರಿಗಿಂತ ಮುಂದೆ ಎದುರಿನ ಚಹಾದಂಗಡಿಯ ರಹಿಮಾನಸಾಬ, ಕೈಯಲ್ಲಿ ಚಹಾ ಸೋಸುವ ಅರಿವೆ ಹಿಡಿದುಕೊಂಡೇ ಬಂದಿದ್ದ.

"ಏನಾಗಿಲ್ಲ ಅಕ್ಕಾ. ನಾ ಕತಿ ಬರಿಯಾಕತ್ತಿದ್ನಿ," ಎಂದ ಸಿದ್ಧಲಿಂಗ.

"ಕತಿ ಬರಿಯಾವ್ರು ಹಿಂಗ ಅಳತಾರೇನ? ಕಣ್ಣ ನೋಡ, ಬ್ಯಾಡಗಿ ಮೆಣಸಿನಕಾಯಿ ಆಗ್ಯಾವು."

"ಮಲ್ಲಿ ಅಂದ್ರ ಕತ್ಯಾಗ ಬರೂ ಹೆಸರಬೇ."

"ಹೌದೇನ? ಮತ್ತ ಇದು ಯಾವ ಕತ್ಯಾಗಿಂದು?" ಎಂದು ಗೌರಕ್ಕ ಮೊಳೆಗೆ ತೂಗುಹಾಕಿದ್ದ ಒಂದು ಹೆಂಗಸರ ಜಂಪರನ್ನು ತೋರಿಸಿದಳು.

ಅದು ಅಳತೆಗೆಂದು ಬಂದ ಜಂಪರು. ಕೊಟ್ಟವಳು ಕಾಳುಕಡಿ ವ್ಯಾಪಾರಿ ಹೊಳಬಸಪ್ಪನವರ ಮಗಳು ಮಲ್ಲಿಕಾ. ಕುಂದಗೋಳದಲ್ಲಿ ಬ್ಯಾಂಕಿನ ಕೆಲಸ, ಮೂವತ್ತು ದಾಟಿದ ವಯಸ್ಸು, ಬಂದ ಗಂಡುಗಳನ್ನೆಲ್ಲ ಚಹಾ ಕುಡಿಸಿ ಕಳಿಸಿದ ಹುಡುಗಿ. ಊರಲ್ಲಿ ಮಲ್ಲಿ ಎಂದರೆ ಅವಳೇ. ಓಣಿಯವರು ಜಂಪರನ್ನು ನೋಡಿದರು, ಸಿದ್ಧಲಿಂಗನನ್ನು ನೋಡಿದರು, ಮತ್ತೆ ಜಂಪರನ್ನು ನೋಡಿದರು. ಅಲ್ಲಿಗೆ ವಿಚಾರಣೆ ಮುಗಿಯಿತು.

"ರಹಿಮಾನಣ್ಣಾ, ನಾ ಹೊಳಬಸಪ್ಪನ ಮನಿಗೆ ಹೋಗಿ ಬರತೇನಿ. ಅಲ್ಲೀತನಾ ಇವನ್ನ ಒಬ್ಬನ್ನs ಬಿಡಬ್ಯಾಡ," ಎಂದು ಗೌರಕ್ಕ ಹೊರಟಳು. ಹೋಗುವಾಗ ಕತ್ತರಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಟೇಲರನಿಗೆ ಕತ್ತರಿ ಇಲ್ಲದ ಮೇಲೆ ಆ ದಿನದ ಕೆಲಸವೂ ಹೋಯಿತು.

ರಹಿಮಾನಸಾಬ ಕೊಟ್ಟ ಮಾತಿಗೆ ತಪ್ಪುವವನಲ್ಲ. ಸಿದ್ಧಲಿಂಗ ನೀರು ಕುಡಿಯಲು ಎದ್ದರೆ ಅವನೂ ಎದ್ದ. ಪಾಯಖಾನೆಗೆ ಹೋದರೆ ಬಾಗಿಲ ಹೊರಗೆ ನಿಂತು, "ಅದಿಯಲ್ಲೋ?" ಎಂದು ಮೇಲಿಂದ ಮೇಲೆ ಕೇಳಿದ. ಒಳಗಿನಿಂದ, "ಅದೇನಿ ಕಾಕಾ," ಎಂದು ಉತ್ತರ ಹೋಗುತ್ತಿತ್ತು. ವರ್ಷಗಟ್ಟಲೆ ಇವನು ಇದ್ದಾನೋ ಇಲ್ಲವೋ ಎಂದು ಯಾರೂ ಕೇಳಿರಲಿಲ್ಲ. ಈಗ ಇಷ್ಟು ಜನ ಕೇಳುತ್ತಿದ್ದರು, ಆದರೆ ಅವರು ಕೇಳುತ್ತಿದ್ದದ್ದು ಬೇರೆ ಯಾರನ್ನೋ. ಸಿದ್ಧಲಿಂಗನಿಗೆ ಒಬ್ಬನೇ ಇದ್ದಾಗಲೂ ಆಗದಷ್ಟು ಒಂಟಿತನವಾಯಿತು.

ಸಮಾಧಾನಕ್ಕೆಂದು ಮೊಬೈಲು ಎತ್ತಿಕೊಂಡ. ನೋಡಿದರೆ ಅದು ಕಿವಿ ಮುಚ್ಚಿರಲೇ ಇಲ್ಲ. ಕಾದಂಬರಿಯ ಕೊನೆಯ ಪುಟ ಹೀಗೆ ಸಾಗಿತ್ತು: 'ನೀ ಇಲ್ಲದ ಮೇಲೆ ಈ ಜೀವಕ್ಕೆ. ಸಿದ್ಧಲಿಂಗಾ ಬಾಗಿಲ ತೆಗಿಯೋ ತಮ್ಮ ಕಣ್ಣು ನೋಡು ಬ್ಯಾಡಗಿ ಮೆಣಸಿನಕಾಯಿ ರಹಿಮಾನಣ್ಣ ಒಬ್ಬನ ಬಿಡಬೇಡ'. ಇಡೀ ಓಣಿ ರೋಮಿಗೆ ನುಗ್ಗಿತ್ತು. ಅಲ್ಲಿಯೂ ಅವನಿಗೆ ಜಾಗ ಉಳಿಯಲಿಲ್ಲ.

ಮಧ್ಯಾಹ್ನ ಹೊಳಬಸಪ್ಪನವರೇ ಬಂದರು. ಹೊಡೆಯುತ್ತಾರೆ ಎಂದುಕೊಂಡು ಸಿದ್ಧಲಿಂಗ ಮಷಿನ್ನಿನ ಹಿಂದೆ ಸರಿದ. ಅವರು ಹೊಡೆಯಲಿಲ್ಲ, ಅಪ್ಪಿಕೊಂಡರು. ಅದು ಇನ್ನೂ ಕಷ್ಟವಾಯಿತು.

"ಅಲ್ಲೋ ಹುಚ್ಚಾ, ಮೊದಲs ಬಾಯಿಬಿಟ್ಟ ಹೇಳಬಾರದಿತ್ತೇನ? ನಮ್ಮ ಪೈಕಿಯಾಂವ, ದುಡಕೊಂಡ ತಿನ್ನಾಂವ, ಚಟಾ ಇಲ್ಲ. ನಾವ ಎಲ್ಲೆಲ್ಲೋ ಗಂಡ ಹುಡಕಾಕತ್ತೇವಿ, ನೀ ಇಲ್ಲೇ ಕುಂತ ಅಳಾಕತ್ತೀದಿ!"

"ಯಜಮಾನ್ರ, ನಾ ಹೇಳೂದ ಕೇಳ್ರಿ..."

"ನಾಚಗಿ ಬ್ಯಾಡ. ಇವತ್ತs ಸಂಜೀಕ ಮಠದಾಗ ಸಕ್ಕರಿ ಹಂಚಿ ಮಾತ ಗಟ್ಟಿ ಮಾಡೂಣು. ಮಡಿವಾಳೆಪ್ಪನವರಿಗೆ ಹೇಳಿ ಆಗೇತಿ."

ಮಡಿವಾಳೆಪ್ಪನವರು ಮಠದ ಭಜನಿ ಮಂಡಳದ ಹಿರಿಯರು. ಅವರಿಗೆ ಹೇಳಿ ಆಯಿತೆಂದರೆ ಊರಿಗೆ ಹೇಳಿ ಆದಂತೆ. ಹೊಳಬಸಪ್ಪನವರು ಅಳಿಯನ ಬೆನ್ನು ತಟ್ಟಿ, ಸಕ್ಕರೆ ತರಲು ಪೇಟೆ ಕಡೆ ನಡೆದರು.

ಸ್ವಲ್ಪ ಹೊತ್ತಿಗೆ ಮಲ್ಲಿಕಾ ಬಂದಳು. ಬ್ಯಾಂಕಿನಿಂದ ಅರ್ಧ ರಜೆ ಹಾಕಿ ಬಂದಿದ್ದಳು, ಮುಖ ಹಂಚಿನ ಹಾಗೆ ಕಾದಿತ್ತು. ರಹಿಮಾನಸಾಬ ಮರ್ಯಾದೆಯಿಂದ ಹೊಸ್ತಿಲ ತನಕ ಸರಿದು ಬೀದಿಯ ಕಡೆ ಮುಖ ಮಾಡಿ ಕೂತ.

"ನಾ ಜಂಪರ ಹೊಲಿಯಾಕ ಕೊಟ್ಟಿದ್ನೋ, ಲಗ್ನಕ್ಕ ಕೊಟ್ಟಿದ್ನೋ? ನಿಮ್ಮ ಕೂಡ ನಾ ಎಂದರ ನಕ್ಕ ಮಾತಾಡೀನೇನ್ರಿ?"

"ಇಲ್ರಿ. ತಪ್ಪ ತಿಳೀಬ್ಯಾಡ್ರಿ. ಆ ಮಲ್ಲಿ ನೀವಲ್ಲ."

"ಹಂಗಾರ ಯಾರ್ರಿ ಆಕಿ?"

ಸಿದ್ಧಲಿಂಗ ಖಾಕಿ ಚಡ್ಡಿಯ ಗುಂಡಿಯನ್ನು ಹಿಡಿದು ತಿರುವಿದ. ಅದು ಕಿತ್ತು ಕೈಗೆ ಬಂತು. "ಆಕಿ ಅಲ್ರಿ," ಎಂದ. "ಆಂವ."

ಮಲ್ಲಿಕಾ ಆ ಗುಂಡಿಯನ್ನು ಅವನ ಕೈಯಿಂದ ತೆಗೆದು ಮಷಿನ್ನಿನ ಮೇಲೆ ಇಟ್ಟಳು. ಅವಳ ಮುಖದ ಕಾವು ಇಳಿಯಿತು.

"ಕತ್ಯಾಗ ಅಷ್ಟs ಆಂವನೋ, ನಿಮ್ಮ ಮನಸಿನ್ಯಾಗೂ ಆಂವನೋ?"

"ಎರಡೂ ಕಡೆ."

"ಯಾರ ಮುಂದರ ಹೇಳೀರೇನು?"

"ನಿಮ್ಮ ಮುಂದs ಮೊದಲ."

ಅವಳು ಸ್ಟೂಲಿನ ಮೇಲೆ ಕೂತಳು. ದನಿ ತಗ್ಗಿಸಿ ಹೇಳಿದಳು: "ನೋಡ್ರಿ, ನನಗ ಲಗ್ನ ಬ್ಯಾಡಾಗೇತಿ. ಒಲ್ಲೆ ಅಂತ ನಾ ಹೇಳಿದ್ರ ನಮ್ಮಪ್ಪ ಕೇಳಾವಲ್ಲ. ಆಂವನs ಅಂತ ನೀವು ಸಂಜೀಕ ಮಠದಾಗ ಹೇಳಿದ್ರ, ಅಲ್ಲಿಗೆ ಮುಗೀತು. ಮಂದಿ ನಾಕ ದಿನ ಆಡಿಕೋತಾರ. ಆಡಿಕೊಳ್ಳಲಿ. ನಾ ಬಾಜೂಕ ನಿಂದರ್ತೀನಿ. ಹೇಳ್ರಿ."

ಇದುವರೆಗೆ ಯಾರೂ ಅವನಿಗೆ ಬಾಜೂಕ ನಿಲ್ಲುತ್ತೇನೆ ಎಂದಿರಲಿಲ್ಲ. ಸಿದ್ಧಲಿಂಗ ಆಗಲಿ ಎಂದು ತಲೆ ಆಡಿಸಿದ. ಹೆದರಿಕೆ ಹೋಗಿರಲಿಲ್ಲ, ಎದೆ ಮಾತ್ರ ಹಗುರಾಗಿತ್ತು.

ಸಂಜೆ ಮಠದ ಅಂಗಳ ತುಂಬಿತ್ತು. ನಡುವೆ ಹಿತ್ತಾಳೆ ಪರಾತದಲ್ಲಿ ಸಕ್ಕರೆ, ಅದರ ಬಾಜು ಗೌರಕ್ಕ ಕಾವಲು. ಒಂದು ಕಡೆ ಹೊಳಬಸಪ್ಪನವರು ತಲೆಗೆ ಹೊಸ ಪಟಕ ಸುತ್ತಿಕೊಂಡು ಕೂತಿದ್ದರು. ಮಲ್ಲಿಕಾ ಕಂಬದ ಹತ್ತಿರ ನಿಂತು ಕಣ್ಣಲ್ಲೇ ಸನ್ನೆ ಮಾಡಿದಳು. ಸಿದ್ಧಲಿಂಗ ಎದ್ದು ನಿಂತ.

"ಹಿರಿಯಾರು ಒಂದ ಮಾತ ಕೇಳಬೇಕ್ರಿ. ನಾ ಅತ್ತಿದ್ದು ಈ ಮಲ್ಲಿಕಾ ಸಂಬಂಧ ಅಲ್ಲ. ನನ್ನ ಮಲ್ಲಿ ಹೆಣ್ಣಲ್ರಿ. ಗಂಡಸು. ನನ್ನ ಮನಸು ಎಂದೂ ಹೆಣ್ಣಿನ ಮ್ಯಾಲ ಹೋಗಿಲ್ಲ. ಸಣ್ಣಾಂವಿದ್ದಾಗಿಂದ ಹಿಂಗs ಅದೇನಿ. ಪ್ರೀತಿ ಮಾಡಿದ್ರ ಅವನ್ನs ಮಾಡತೇನಿ, ಬಾಳೇ ಮಾಡಿದ್ರ ಅವನ ಕೂಡ ಮಾಡಬೇಕು ಅನಸ್ತೈತಿ. ಇದನ್ನ ಇಷ್ಟ ವರ್ಷ ಯಾರ ಮುಂದೂ ಹೇಳಿದ್ದಿಲ್ಲ. ಇವತ್ತ ಹೇಳೇನಿ."

ಕಲ್ಲು ಬೀಳುತ್ತದೋ ಚಪ್ಪಲಿ ಬೀಳುತ್ತದೋ ಎಂದು ಸಿದ್ಧಲಿಂಗ ಕಣ್ಣು ಮುಚ್ಚಿದ. ಬಿದ್ದದ್ದು ಮಡಿವಾಳೆಪ್ಪನವರು, ಅವನ ಕಾಲಿಗೆ.

"ತಮ್ಮಾ!" ಮುದುಕರ ಕಣ್ಣಲ್ಲಿ ನೀರು. "ಮಲ್ಲಿ ಅಂದ್ರ ಮಲ್ಲಿಕಾರ್ಜುನ! ಶರಣಸತಿ, ಲಿಂಗಪತಿ! ದೇವರs ಗಂಡ, ಉಳದವ್ರೆಲ್ಲಾ ಹೆಣ್ಣು ಅಂತ ಇಷ್ಟ ವರ್ಷ ಭಜನ್ಯಾಗ ಹಾಡಿದ್ವಿ. ಅನುಭವಿಸಿದಾಂವ ನೀ ಒಬ್ಬನs!"

"ಅಲ್ರಿ, ಹಂಗಲ್ರಿ! ಆಂವ ಒಬ್ಬ ಸೈನಿಕ. ಗುರಾಣಿ ಹಿಡದ ಕಾಯತಾನ."

"ನಮ್ಮನ್ನೆಲ್ಲಾ ಕಾಯಾಂವ ಮತ್ಯಾರೋ ತಂದೀ?"

"ಅಯ್ಯೋ, ಆಂವ ಇಲ್ಲಿಯಾಂವ ಅಲ್ರಿ! ಆಂವ ಇರೂದು ರೋಮಿನ್ಯಾಗ!"

ಮಡಿವಾಳೆಪ್ಪನವರು ಎರಡೂ ಕೈ ಮೇಲೆತ್ತಿ ಜನರ ಕಡೆ ತಿರುಗಿದರು. "ಕೇಳಿದ್ರ್ಯಾ? ರೋಮ ರೋಮದಾಗ ಅದಾನಂತ!"

"ಹರಹರ ಮಹಾದೇವ!" ಅಂಗಳವೆಲ್ಲ ಒಂದೇ ದನಿಯಲ್ಲಿ ಕೂಗಿತು. ಹೆಂಗಸರು ಸೆರಗು ಹೊದ್ದು ಕೈ ಮುಗಿದರು. ಗೌರಕ್ಕ, ಗೋಡೆಯ ಆಚೆ ದಿನಾ ಅವನ ಭಕ್ತಿ ಕೇಳಿದ ಪುಣ್ಯವಂತೆ ತಾನು ಎಂದು ಬಾಜೂಕಿನವರಿಗೆ ಹೇಳತೊಡಗಿದಳು. ಯಾರೋ ಒಬ್ಬರು ತಮ್ಮ ಕೂಸನ್ನು ತಂದು ಸಿದ್ಧಲಿಂಗನ ಕಾಲ ಮೇಲೆ ಹಾಕಿದರು.

ಅವನು ಮುಖದಿಂದ ಮುಖಕ್ಕೆ ನೋಡಿದ. ಜೀವಮಾನವೆಲ್ಲ ಬಚ್ಚಿಟ್ಟ ಮಾತನ್ನು ನಡು ಊರಲ್ಲಿ ನಿಂತು, ಒಂದು ಅಕ್ಷರ ಬಿಡದೆ ಹೇಳಿದ್ದ. ಎಲ್ಲರೂ ಕೇಳಿದ್ದರು, ಎಲ್ಲರೂ ಮೆಚ್ಚಿದ್ದರು, ಒಬ್ಬರಿಗೂ ತಿಳಿದಿರಲಿಲ್ಲ. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಇರಲಿ, ಮದುವೆಯೊಂದು ತಪ್ಪಿತಲ್ಲ ಎಂದು ಮನಸ್ಸಿಗೆ ಹೇಳಿಕೊಂಡ. ಶರಣನಿಗೆ ಯಾರು ಹೆಣ್ಣು ಕೊಡುತ್ತಾರೆ?

ಹೊಳಬಸಪ್ಪನವರು ಎದ್ದು ಪಟಕ ಸರಿಮಾಡಿಕೊಂಡರು. ವ್ಯಾಪಾರಿ ಮನುಷ್ಯ, ಒಳ್ಳೆಯ ಮಾಲನ್ನು ಬಿಟ್ಟು ಹೋಗುವ ಜಾಯಮಾನವಲ್ಲ.

"ಮಡಿವಾಳೆಪ್ಪನವರ, ನಮ್ಮ ಶರಣರು ಸಂಸಾರಸ್ಥರಿದ್ದರೋ, ಸನ್ಯಾಸಿಗಳೋ?"

"ಸಂಸಾರಸ್ಥರs! ಅದರಾಗೇನ ಎರಡ ಮಾತಿಲ್ಲ."

"ಮತ್ತಿನ್ನೇನ? ಇಷ್ಟ ಮಂದಿ ಗಂಡ ನೋಡೇನಿ. ನನ್ನ ಮನಸಿನ್ಯಾಗ ಒಬ್ಬ ಹೆಣ್ಣೂ ಇಲ್ಲ ಅಂತ ಮಠದಾಗ ನಿಂತ ಹೇಳಿದ ಅಳಿಯಾ ನನಗ ಇನ್ನೆಲ್ಲಿ ಸಿಗತಾನ್ರಿ? ಗೌರಕ್ಕಾ, ಸಕ್ಕರಿ ತಗೊಂಡ ಬಾ!"

"ಅಪ್ಪಾ, ನಾ ಒಲ್ಲೆ! ಅವ್ರು ಹೇಳಿದ್ದ ಏನು, ನೀವು ತಿಳಕೊಂಡದ್ದ ಏನು!" ಎಂದು ಮಲ್ಲಿಕಾ ಕಂಬದ ಹತ್ತಿರದಿಂದ ಕೂಗಿದಳು. ಅಷ್ಟರಲ್ಲಿ ಭಜನಿ ಮಂಡಳದವರು ತಾಳ ಎತ್ತಿಕೊಂಡಿದ್ದರು. ಅವಳ ಬಾಯಿ ಆಡಿದ್ದು ಕಂಡಿತು, ದನಿ ಯಾರಿಗೂ ಮುಟ್ಟಲಿಲ್ಲ. ನಾಲ್ಕು ಹೆಂಗಸರು ಅವಳನ್ನು ಕರೆತಂದು ಸಿದ್ಧಲಿಂಗನ ಬಾಜೂಕ ನಿಲ್ಲಿಸಿದರು.

ಗೌರಕ್ಕ ಮೊದಲ ಹಿಡಿ ಸಕ್ಕರೆಯನ್ನು ಅವನ ಬಾಯಿಗೆ ಹಾಕಿದಳು. ಅವನು ಅದನ್ನು ನುಂಗುವುದೋ ಉಗುಳುವುದೋ ತಿಳಿಯದೆ ಗಲ್ಲ ಉಬ್ಬಿಸಿಕೊಂಡು ನಿಂತ. ಮಲ್ಲಿಕಾ ಅವನ ಕಿವಿಯ ಹತ್ತಿರ ಬಾಗಿ, ಹಲ್ಲು ಕಚ್ಚಿ ಹೇಳಿದಳು:

"ಇವ್ರಿಗೆ ತಿಳೀಲಿಲ್ರಿ. ಇನ್ನೊಮ್ಮೆ ಹೇಳ್ರಿ. ಜೋರಾಗಿ ಹೇಳ್ರಿ."

ಸಿದ್ಧಲಿಂಗ ಕಷ್ಟಪಟ್ಟು ಸಕ್ಕರೆ ನುಂಗಿದ, ಉಸಿರು ತುಂಬಿಕೊಂಡ, ದೊಡ್ಡದಾಗಿ ಬಾಯಿ ತೆರೆದ.

"ಇನ್ನೂ ಬೇಕಂತ ನೋಡ್ರೇವಾ!" ಎಂದು ಗೌರಕ್ಕ ಎರಡನೆಯ ಹಿಡಿಯನ್ನೂ ತುರುಕಿದಳು.