ಇಬ್ಬರ ಪಾಲಿನ ಉಪ್ಪಿಟ್ಟು

ಹೆಣ್ಣು ನೋಡುವ ದಿನ ಉಪ್ಪಿಟ್ಟು, ಕೇಸರಿಬಾತನ್ನೇ ಮಾಡಬೇಕು ಎಂದು ಮೊದಲು ಕಟ್ಟಳೆ ಹಾಕಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಅವನೇನಾದರೂ ನ್ಯಾಮತಿಯ ಕೊಟ್ರಮ್ಮನ ಕೈಗೆ ಸಿಕ್ಕಿದ್ದರೆ ಲಟ್ಟಣಿಗೆ ಮುರಿಯುವ ತನಕ ಬಿಡುತ್ತಿರಲಿಲ್ಲ. (ಲಟ್ಟಣಿಗೆಗೂ ಅವಳ ಮನೆಯಲ್ಲಿ ಬೇರೆ ಕೆಲಸ ಉಳಿದಿರಲಿಲ್ಲ.)

ಕಾರಣ ಅವಳ ಒಬ್ಬನೇ ಮಗ ಪಂಚಾಕ್ಷರಿ. ಇಪ್ಪತ್ನಾಲ್ಕರ ಹುಡುಗ, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಎರಡು ವರ್ಷ ಉಂಡದ್ದು ಮೈಗೆ ಹತ್ತದೆ, ತಂಬಿಗೆ ಹಿಡಿದು ಓಡುವುದೇ ಉದ್ಯೋಗವಾಗಿ, ಗಾಳಿ ಬಂದರೆ ಹಾರಿಹೋಗುವ ಹಾಗಾಗಿದ್ದ. ಕೊಟ್ರಮ್ಮ ದೃಷ್ಟಿ ತೆಗೆದಳು, ತಾಯಿತ ಕಟ್ಟಿಸಿದಳು, ಶಕ್ತಿ ಬರಲೆಂದು ದಿನಾ ತುಪ್ಪ ಸುರಿದು ಗೋಧಿ ಹುಗ್ಗಿ ಉಣ್ಣಿಸಿದಳು. ಉಣ್ಣಿಸಿದಷ್ಟೂ ಹುಡುಗ ಕರಗಿದ. ಕೊನೆಗೆ ದೂರದ ದೊಡ್ಡಾಸ್ಪತ್ರೆಯ ಡಾಕ್ಟರು ಕರುಳಿನ ಚೂರು ತೆಗೆದು ಪರೀಕ್ಷೆ ಮಾಡಿ, “ಇದಕ್ಕೆ ಸೀಲಿಯಾಕ್ ಅಂತಾರಮ್ಮ. ಗೋಧಿ, ರವೆ, ಮೈದಾ ಒಂದು ಚಿಟಿಕೆನೂ ಕೊಡಬೇಡಿ, ಜೀವ ಇರೋ ತನಕ. ಬೇರೆ ಔಷಧಿ ಇಲ್ಲ” ಎಂದರು.

ಊರಿನವರು ನಕ್ಕರು. ಸಕ್ಕರೆ ಕಾಯಿಲೆಯವರಿಗೆ ಅನ್ನ ಬಿಟ್ಟು ಚಪಾತಿ ತಿನ್ನಿ ಎನ್ನುವ ಕಾಲದಲ್ಲಿ, ಚಪಾತಿ ಬಿಟ್ಟು ಅನ್ನ ಉಣ್ಣು ಎಂದ ಡಾಕ್ಟರನ್ನು ಯಾರು ನಂಬುತ್ತಾರೆ? ಕೊಟ್ರಮ್ಮ ನಂಬಿದಳು. ಜೋಳದ ರೊಟ್ಟಿ, ಮುದ್ದೆ, ಅನ್ನದಲ್ಲೇ ಆರು ತಿಂಗಳಿಗೆ ಮಗನ ಕೆನ್ನೆ ತುಂಬಿತು. ಅಂಗಿಯ ಗುಂಡಿಗಳು ಕಿತ್ತು ಬಂದವು. ಆ ಡಾಕ್ಟರ ಹೆಸರಿನಲ್ಲಿ ಅವಳು ದಿನಾ ದೇವರ ಮುಂದೆ ಒಂದು ಊದಿನಕಡ್ಡಿ ಹೆಚ್ಚಿಗೆ ಹಚ್ಚಿದಳು.

ಇನ್ನು ಮದುವೆಯಾಗಬೇಕಲ್ಲ! “ಕಾಯಿಲೆ ಐತೆ ಅಂದ್ರೆ ಯಾರೂ ಹೆಣ್ಣು ಕೊಡಲ್ಲ. ಗೋಧಿ ಆಗಲ್ಲ ಅಂತ ಬಾಯಿ ಬಿಟ್ಟೀಯಾ, ಜೋಕೆ” ಎಂದು ಮಗನಿಗೆ ತಾಕೀತಾಯಿತು. ಆದರೆ ಗಂಡು ತಟ್ಟೆ ಮುಟ್ಟಲಿಲ್ಲ ಎಂದರೆ ಹೆಣ್ಣು ಒಪ್ಪಲಿಲ್ಲ ಎಂದೇ ಅರ್ಥ. ಮೊದಲ ಹೆಣ್ಣು ನೋಡಲು ಸಾಸ್ವೆಹಳ್ಳಿಗೆ ಕೊಟ್ರಮ್ಮ ಬೇಕೆಂದೇ ಸೋಮವಾರ ಎಲ್ಲರನ್ನೂ ಹೊರಡಿಸಿದಳು.

“ಹುಡುಗಂದು ಸೋಮವಾರ ಒಪ್ಪತ್ತು ಕಣ್ರೀ. ಈಗ ಊಟ ಮಾಡಲ್ಲ.”

“ಊಟ ಯಾರು ಮಾಡ್ರಿ ಅಂದ್ರು? ಒಪ್ಪತ್ತಿನೋರಿಗೆ ಅಂತಾನೇ ಅಲ್ವೇನ್ರೀ ಉಪ್ಪಿಟ್ಟು ಇರೋದು!” ಎಂದು ಹುಡುಗಿಯ ಅಪ್ಪ ಇನ್ನೊಂದು ಸೌಟು ಬಡಿಸಿದ.

ಆ ಗಳಿಗೆಯಲ್ಲೇ ಕೊಟ್ರಮ್ಮನಿಗೆ ಜ್ಞಾನೋದಯವಾಯಿತು. ಹುಡುಗಿ ನಮಸ್ಕಾರ ಮಾಡುವಾಗ ಎಲ್ಲರ ಕಣ್ಣೂ ಹುಡುಗಿಯ ಮೇಲೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಮಗನ ತಟ್ಟೆ ಸೆರಗಿನ ಮರೆಯಲ್ಲಿ ತಾಯಿಯ ತಟ್ಟೆಗೆ ಖಾಲಿಯಾಯಿತು! ಬಿಳಿಚೋಡಿನಲ್ಲೂ ಇದೇ ಪರಾಕ್ರಮ, ಚನ್ನಗಿರಿಯಲ್ಲೂ ಇದೇ. ಮೂರೂ ಮನೆಯವರು “ಹೇಳಿ ಕಳಿಸ್ತೀವಿ” ಎಂದರು. ಯಾರೂ ಹೇಳಿ ಕಳಿಸಲಿಲ್ಲ.

ನಾಲ್ಕನೆಯದು ಬಸವಾಪಟ್ಟಣ. ಬಸ್ಸಿನಲ್ಲಿ ಗಂಡ ಕಲ್ಲೇಶಪ್ಪ ಕೇಳಿದ, “ನೀನು ಹೆಣ್ಣು ನೋಡಾಕೆ ಬರ್ತೀಯೋ, ಉಣ್ಣಾಕೆ ಬರ್ತೀಯೋ? ಚನ್ನಗಿರೀಲಿ ಕೇಸರಿಬಾತಿಗೆ ಕಣ್ಣು ಮುಚ್ಕೊಂಡಿದ್ದೆ.”

“ಅದು ರುಚಿಗಲ್ರೀ, ಸಂಕಟಕ್ಕೆ! ನೀವೊಂದಿನ ಇಬ್ಬರ ಪಾಲು ತಿಂದು ನೋಡ್ರಿ.”

“ಅವ್ವಾ, ಇದ್ದದ್ದು ಹೇಳಿಬಿಡಾನ” ಎಂದ ಪಂಚಾಕ್ಷರಿ.

“ನೀನು ಸುಮ್ನಿರಪ್ಪ!”

ಬಸವಾಪಟ್ಟಣದ ಮನೆಯಲ್ಲಿ ದ್ಯಾಮಮ್ಮ ಎಂಬ ಅಜ್ಜಿ ಇದ್ದಳು. ಹುಡುಗಿ ನೀಲಾಂಬಿಕೆ ಬಗ್ಗಿ ನಮಸ್ಕರಿಸಿದಾಗ ಎಲ್ಲರೂ ಹುಡುಗಿಯನ್ನು ನೋಡಿದರು. ಅಜ್ಜಿ ಮಾತ್ರ (ಮೊಮ್ಮಗಳನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದಳಲ್ಲ!) ಬಂದವರನ್ನು ನೋಡುತ್ತ ಕುಳಿತಿದ್ದಳು.

“ಏನವ್ವಾ, ಮಗನ ತಟ್ಟೇಲಿ ನಿನ್ನ ಕೈ ಏನ್ ಮಾಡ್ತೈತೆ?”

ಕೊಟ್ರಮ್ಮನ ಕೈ ಅಲ್ಲೇ ನಿಂತಿತು.

“ಚನ್ನಗಿರಿಯೋರು ಹೇಳಿದ್ದು ನಿಜ ಹಂಗಾರೆ! ಆ ಯಮ್ಮ ಹೆತ್ತ ಮಗನ ಬಾಯಿಗೇ ಬಿಡಲ್ಲ, ಇನ್ನು ಸೊಸೆ ಬಾಯಿಗೆ ಬಿಡ್ತಾಳಾ, ಅಂತ ಎಲ್ಲಾ ಕಡೆ ಆಡಿಕೊಂತಾರೆ. ನಾನು ನಂಬಿರಲಿಲ್ಲ!”

ಮೂರು ಸಂಬಂಧ ತಪ್ಪಿಸಿದ್ದು ಮಗನ ಕಾಯಿಲೆಯಲ್ಲ, ತಾಯಿಯ ಹೊಟ್ಟೆ! ಕೊಟ್ರಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. (ಬಾಯಲ್ಲಿ ಉಪ್ಪಿಟ್ಟಿದ್ದುದರಿಂದ ಅಳುವುದಕ್ಕೂ ಆಗಲಿಲ್ಲ.)

ಪಂಚಾಕ್ಷರಿ ತಟ್ಟೆ ಕೆಳಗಿಟ್ಟ. “ನಮ್ಮವ್ವನ್ನ ಏನೂ ಅನ್ನಬೇಡ್ರಿ, ಅಜ್ಜಿ. ನನಗೆ ಗೋಧಿ ಆಗಲ್ಲ. ಕರುಳಿಂದು ಕಾಯಿಲೆ, ಸಾಯೋ ತನಕ ಇರ್ತೈತೆ. ತಟ್ಟೆ ಬಿಟ್ರೆ ಹೆಣ್ಣು ಬೇಡ ಅಂದಂಗೆ ಅಂತ ಅವ್ವ ನನ್ನ ಪಾಲೂ ತಿಂತಾಳೆ.”

ಇದೂ ಹೋಯಿತು ಎಂದು ಕೊಟ್ರಮ್ಮ ಕಣ್ಣು ಮುಚ್ಚಿದಳು. ಆಗ ಬಾಗಿಲ ಬಳಿಯಿಂದ ನೀಲಾಂಬಿಕೆಯ ದನಿ.

“ಅಕ್ಕಿ ಆಗ್ತೈತಾ?”

“ಆಗ್ತೈತೆ.”

“ಜ್ವಾಳ? ರಾಗಿ?”

“ಗೋಧಿ ಒಂದು ಬಿಟ್ರೆ ಚೆನ್ನಾಗೇ ಇರ್ತೀನಿ.”

“ಮತ್ತೆ ಇದಕ್ಯಾಕೆ ಇಷ್ಟು ಮುಚ್ಚುಮರೆ?” ಎಂದು ಹುಡುಗಿ ಒಳಗೆ ಹೋಗಿ, ಸ್ವಲ್ಪ ಹೊತ್ತಿಗೆ ಮಂಡಕ್ಕಿ ಒಗ್ಗರಣೆ ಹಾಕಿ ತಂದಳು. ರವೆ ಮುಟ್ಟಿದ ಕೈ ತೊಳೆದಿದ್ದಳು, ಬಾಣಲೆಯೂ ಬೇರೆ, ಚಮಚವೂ ಬೇರೆ. ಹೇಳಿಕೊಡದೆಯೇ ಇದು ಅವಳಿಗೆ ಹೊಳೆದದ್ದನ್ನು ಕಂಡು ಕೊಟ್ರಮ್ಮನ ಕಣ್ಣು ತುಂಬಿ ಬಂತು. ಪಂಚಾಕ್ಷರಿ ತಟ್ಟೆಯಲ್ಲಿ ಒಂದು ಕಾಳು ಬಿಡಲಿಲ್ಲ. ಹುಡುಗಿಯ ಅಪ್ಪ ಅಜ್ಜಿಯ ಮುಖ ನೋಡಿದ. ಅಜ್ಜಿ ಮೊಮ್ಮಗಳ ಮುಖ ನೋಡಿ ತಲೆಯಾಡಿಸಿದಳು. ಒಪ್ಪಿಗೆಯಾಯಿತು.

ಆದರೆ ದ್ಯಾಮಮ್ಮನ ಮನಸ್ಸಿಗೆ ಸಮಾಧಾನವಾಗಲಿಲ್ಲ. “ಎಂಥಾ ತಾಯಿಗೆ ಎಂಥಾ ಮಾತು ಅಂದೆ ನಾನು! ಬೀಗ್ತಿ, ತಪ್ಪಾತವ್ವ” ಎನ್ನುತ್ತ ಒಳಗಿದ್ದ ಕೇಸರಿಬಾತನ್ನೆಲ್ಲ ಗೋಪುರದ ಹಾಗೆ ತಟ್ಟೆಗೆ ಹಾಕಿ, ತುಪ್ಪ ಸುರಿದು ತಂದು ಮುಂದಿಟ್ಟಳು. “ಇದನ್ನ ಉಂಡರೇನೇ ನನ್ನ ಮೇಲೆ ಸಿಟ್ಟಿಲ್ಲ ಅಂತ. ಬಿಟ್ಟರೆ ನಮ್ಮ ಹುಡುಗಿನೇ ಬಿಟ್ಟಂಗೆ, ನೋಡು!”

ಆಗಲೇ ಒಂದೂವರೆ ಪಾಲು ಉಪ್ಪಿಟ್ಟು ಗಂಟಲ ತನಕ ಇತ್ತು. ಕೊಟ್ರಮ್ಮ ಗಂಡನ ಕಡೆ ನೋಡಿದಳು. “ನಿನಗೇನು ಹೊಸದೇ? ಉಣ್ಣು” ಎಂದ ಕಲ್ಲೇಶಪ್ಪ. ಮಗನ ಕಡೆ ನೋಡಿದಳು.

“ನನಗೆ ಗೋಧಿ ಆಗಲ್ಲವ್ವಾ!” ಎಂದ ಪಂಚಾಕ್ಷರಿ, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ, ಖುಷಿಯಿಂದ.

ಕೊಟ್ರಮ್ಮ ತುತ್ತು ತುತ್ತಿಗೂ ಶಿವನಿಗೊಂದು ನಮಸ್ಕಾರ ಹೇಳುತ್ತ ಪೂರ್ತಿ ಉಂಡಳು. ಆಮೇಲೆ ಏಳಲು ಮಾತ್ರ ಆಗಲಿಲ್ಲ. ಒಂದು ತೋಳು ಮಗ ಹಿಡಿದ, ಇನ್ನೊಂದು ತೋಳು ನೀಲಾಂಬಿಕೆ ಬಂದು ಹಿಡಿದಳು. ಇಬ್ಬರೂ ಸೇರಿ ಎತ್ತಿ ನಿಲ್ಲಿಸಿದರು.